ಚಂದಾ ಕೊಡೋರು ಏನು ನೋಡ್ತಾರೆ?

ಚಂದಾ ಪುಸ್ತಕ ಹಿಡಿದವರು ಅಂಗಡಿ ಮೆಟ್ಟಿಲು ಹತ್ತಿದ ಕೂಡಲೇ "ಯಜಮಾನರಿಲ್ಲ, ನಾಳೆ ಬನ್ನಿ" ಅನ್ನೋದು ಹಳೇ ಮಾತು. ಹಾಗಂದ ವ್ಯಾಪಾರಿಯೇ ಸಂಜೆ ಬಸ್ಸಲ್ಲಿ ಕೂತು, ಮೊಬೈಲಿಗೆ ಬಂದ ಯಾವುದೋ ಕೂಸಿನ ಆಪರೇಷನ್ ಮನವಿಗೆ ಐನೂರು ರೂಪಾಯಿ ಕಳಿಸಿರ್ತಾನೆ. ಇದಕ್ಕೀಗ ಕ್ರೌಡ್‌ಫಂಡಿಂಗ್ ಎಂದು ಹೆಸರು. ನಮ್ಮ ಮಾತಲ್ಲಿ ವಂತಿಗೆ. ಒಬ್ಬರಿಗೆ ಬಿಚ್ಚದ ಕಿಸೆ ಇನ್ನೊಬ್ಬರಿಗೆ ಬಿಚ್ಚೋದು ಯಾಕೆ?

ಗುಜರಾತಿನ ಹಾಲಿನ ರೈತರನ್ನು ನೋಡಿ. ಶ್ಯಾಮ್ ಬೆನೆಗಲ್ ಅವರ 'ಮಂಥನ್' (1976) ಚಿತ್ರಕ್ಕೆ ಅಲ್ಲಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಹಾಕಿದರು. ಒಟ್ಟು 10 ಲಕ್ಷ! ಕೇಳಿದ್ದು ಅವರದೇ ಹಾಲು ಒಕ್ಕೂಟ. ಚಿತ್ರದ ಕಥೆಯೂ ಹಾಲು ಸಂಘ ಕಟ್ಟಿದ ಅವರದೇ ಕಥೆ. ಎರಡು ರೂಪಾಯಿಗೆ ಯಾರ ಮನೆಯೂ ಮುಳುಗಲಿಲ್ಲ.

ಅದಕ್ಕೂ ಬಹಳ ಹಿಂದೆ, 1885ರಲ್ಲಿ, ನ್ಯೂಯಾರ್ಕಿನ ಸ್ವಾತಂತ್ರ್ಯ ದೇವಿ ಪ್ರತಿಮೆಗೆ ಪೀಠ ಕಟ್ಟಲು ದುಡ್ಡು ಸಾಲದಾಯಿತು. ಪತ್ರಿಕೆಯ ಒಡೆಯ ಜೋಸೆಫ್ ಪುಲಿಟ್ಜರ್, ಎಷ್ಟು ಚಿಕ್ಕ ಮೊತ್ತ ಕೊಟ್ಟರೂ ಕೊಟ್ಟವರ ಹೆಸರು ಪತ್ರಿಕೆಯಲ್ಲಿ ಅಚ್ಚು ಹಾಕ್ತೀನಿ ಅಂದ. ಸುಮಾರು ಐದು ತಿಂಗಳಲ್ಲಿ 1 ಲಕ್ಷ ಡಾಲರ್ ಕೂಡಿತು. ಹೆಚ್ಚಿನವರು ಕೊಟ್ಟದ್ದು ಒಂದು ಡಾಲರಿಗೂ ಕಡಿಮೆ. ಬಡವನ ಬಿಡಿಗಾಸಿಗೂ ಊರೆಲ್ಲ ಓದೋ ರಸೀದಿ ಸಿಕ್ಕಿತು.

ನಮ್ಮ ಕನ್ನಡದ 'ಲೂಸಿಯಾ' (2013) ಚಿತ್ರದ್ದೂ ಇದೇ ಹಾದಿ. ನಿರ್ಮಾಪಕರು ಸಿಗದೆ ನಿರ್ದೇಶಕ ಪವನ್ ಕುಮಾರ್ ನೇರವಾಗಿ ಪ್ರೇಕ್ಷಕರನ್ನೇ ಕೇಳಿದರು. 110 ಮಂದಿ ಸೇರಿ ಸುಮಾರು 50 ಲಕ್ಷ ಹಾಕಿದರು. 2011ರ 'ಲೈಫು ಇಷ್ಟೇನೆ' ನೋಡಿದ್ದವರಿಗೆ ಕೇಳ್ತಿರೋ ಮನುಷ್ಯ ಯಾರು ಅಂತ ಗೊತ್ತಿತ್ತು.

ಮೂರು ಕಡೆಯೂ ಜನ ನೋಡಿದ್ದು ಇಷ್ಟೇ: ಕೇಳೋರು ಯಾರು, ದುಡ್ಡು ಯಾತಕ್ಕೆ, ಲೆಕ್ಕ ಎಲ್ಲಿ. ಇವಕ್ಕೆ ಉತ್ತರವಿದ್ದರೆ ಕೊಡೋರಿಗೆ ಬರವಿಲ್ಲ.

ಉತ್ತರ ಇಲ್ಲದೆ ಎತ್ತಿದ ದುಡ್ಡು ಒಂದು ಸಲ ಹಾರಿಹೋದರೆ, ಏಟು ಬೀಳೋದು ಮೋಸಗಾರನಿಗಲ್ಲ. ನಾಳೆ ನಿಜವಾಗಿ ಆಸ್ಪತ್ರೆ ಬಾಗಿಲಲ್ಲಿ ನಿಂತ ತಾಯಿಗೆ. ಅವಳು ಕಣ್ಣೀರು ಹಾಕಿದರೂ "ಇದೂ ನಾಟಕವೇ" ಅಂತ ಜನ ಮುಂದೆ ಹೋಗ್ತಾರೆ.

ಆದ್ದರಿಂದ ಮೊಬೈಲಲ್ಲಿ ಮನವಿ ಬಂದರೆ ಎರಡು ನಿಮಿಷ ತಡೀರಿ. ಆಸ್ಪತ್ರೆಗೆ ಫೋನ್ ಹಚ್ಚಿ, ಆ ಹೆಸರಿನ ರೋಗಿ ಇದ್ದಾರಾ ಅಂತ ವಿಚಾರಿಸಿ. ಆದಷ್ಟೂ ಹಣ ಆಸ್ಪತ್ರೆ ಖಾತೆಗೇ ಹೋಗಲಿ. ದುಡ್ಡು ಎತ್ತಿದವರೂ ಅಷ್ಟೇ, ಎಷ್ಟು ಬಂತು, ಎಷ್ಟು ಖರ್ಚಾಯ್ತು ಅಂತ ಕೊಟ್ಟವರಿಗೆ ಹೇಳಿ. ಅಂಗಡಿಯವರಿಗೆ ಗೊತ್ತೇ ಇದೆ: ಲೆಕ್ಕ ಚುಕ್ತಾ ಆದ ಕಡೆ ಮತ್ತೆ ಉದ್ರಿ ಹುಟ್ಟುತ್ತೆ.