ಆಟಿಸಂ: ನೆರವಿನ ಬಾಗಿಲುಗಳು ಎಲ್ಲಿವೆ?

ಕೆಲವು ವರ್ಷಗಳ ಹಿಂದೆ ವಿಲ್ಲಿಂಗ್ಡನ್ ಐಲ್ಯಾಂಡಿನ ನಮ್ಮ ಬ್ಯಾಂಕ್ ಶಾಖೆಗೆ ಕನ್ನಡಿಗ ಗೃಹಸ್ಥರೊಬ್ಬರು ಬಂದರು. ಜೊತೆಯಲ್ಲಿ ಎತ್ತರಕ್ಕೆ ಬೆಳೆದ ಮಗನಿದ್ದನು. ಅವನಿಗೆ ಆ ತಿಂಗಳಷ್ಟೇ 18 ವರ್ಷ ತುಂಬಿತ್ತು. ಗೋಡೆಯ ಮೇಲೆ ಮೂಡುತ್ತಿದ್ದ ಟೋಕನ್ ಸಂಖ್ಯೆಗಳನ್ನು ಒಂದೊಂದಾಗಿ ಓದುತ್ತಿದ್ದನೇ ಹೊರತು ಅವನು ಯಾರೊಡನೆಯೂ ಮಾತನಾಡಲಿಲ್ಲ. ಅಪ್ರಾಪ್ತ ವಯಸ್ಕನ ಹೆಸರಿನಲ್ಲಿ ತಂದೆಯೇ ನಡೆಸುತ್ತಿದ್ದ ಖಾತೆಯನ್ನು ಇನ್ನು ಮುಂದೆ ತಂದೆ ನಡೆಸುವಂತಿರಲಿಲ್ಲ. ವ್ಯವಹಾರವನ್ನು ಅರಿತು ಸಹಿ ಹಾಕುವುದು ಮಗನಿಂದ ಆಗುವಂತಿರಲಿಲ್ಲ. "ತಂದೆ ಎನ್ನುವುದಕ್ಕೆ ಇನ್ನೊಂದು ಪತ್ರ ಬೇಕೇ ಸಾರ್?" ಎಂದು ಅವರು ಕೇಳಿದರು. ಬೇಕು ಎಂದೆನು. ಅದನ್ನು ಯಾರು ಕೊಡುತ್ತಾರೆ ಎಂದು ಕೇಳಿದರು. ಹದಿನೈದು ವರ್ಷ ಬ್ಯಾಂಕಿನಲ್ಲಿ ದುಡಿದಿದ್ದ ನನಗೆ ಉತ್ತರ ತಿಳಿದಿರಲಿಲ್ಲ.

ಆ ಉತ್ತರವನ್ನು ಹುಡುಕುತ್ತಾ ಹೋದಾಗ ಒಂದು ಸಂಗತಿ ಮನದಟ್ಟಾಯಿತು. ಆಟಿಸಂ ಇರುವ ಮಕ್ಕಳ ಕುಟುಂಬಗಳಿಗೆ ನಮ್ಮ ದೇಶದಲ್ಲಿ ನೆರವು ಸಾಕಷ್ಟಿದೆ. ಆದರೆ ಅದು ಆಸ್ಪತ್ರೆ, ಶಾಲೆ, ಕಲೆಕ್ಟರರ ಕಚೇರಿ, ತೆರಿಗೆ ಇಲಾಖೆ, ಬ್ಯಾಂಕು ಎಂದು ಹಲವು ಬಾಗಿಲುಗಳಲ್ಲಿ ಹಂಚಿಹೋಗಿದೆ. ಊರಿನಲ್ಲಿದ್ದರೆ ಯಾವ ಬಾಗಿಲನ್ನು ಮೊದಲು ತಟ್ಟಬೇಕೆಂದು ಹೇಳಲು ಯಾರಾದರೂ ಬಂಧುಗಳಿರುತ್ತಾರೆ. ಸಮುದ್ರದ ಹೂಳನ್ನೆತ್ತಿ ನಿರ್ಮಿಸಿದ ಈ ದ್ವೀಪಕ್ಕೆ ಬಂದರು, ನೌಕಾಪಡೆ, ಸುಂಕದ ಇಲಾಖೆ, ಬ್ಯಾಂಕುಗಳ ನೌಕರಿಗಾಗಿ ಬಂದು ನೆಲೆಸಿರುವ ನಮ್ಮಂಥವರಿಗೆ ಆ ಅನುಕೂಲವಿಲ್ಲ. ನಾನು ವೈದ್ಯನಲ್ಲ, ವಾಣಿಜ್ಯಶಾಸ್ತ್ರ ಓದಿದವನು. ಆ ಬಾಗಿಲುಗಳನ್ನು ಕ್ರಮವಾಗಿ ಜೋಡಿಸಿ ವಾಚಕರ ಮುಂದಿಡುವುದಷ್ಟೇ ಈ ಲೇಖನದ ಉದ್ದೇಶ.

ಆಟಿಸಂ ಎಂದರೇನು?

ಕನ್ನಡದಲ್ಲಿ ಸ್ವಲೀನತೆ ಎಂದು ಕರೆಯಲಾಗುವ ಆಟಿಸಂ ಮೆದುಳಿನ ಬೆಳವಣಿಗೆಗೆ ಸಂಬಂಧಿಸಿದ ಸ್ಥಿತಿ. ಅಮೆರಿಕದ ಬಾಲ್ಟಿಮೋರಿನಲ್ಲಿದ್ದ ವೈದ್ಯ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳ ವೃತ್ತಾಂತವನ್ನು ಪ್ರಕಟಿಸಿ ಇದನ್ನು ವೈದ್ಯಲೋಕದ ಗಮನಕ್ಕೆ ತಂದರು. ಇತರರೊಡನೆ ಬೆರೆಯುವುದರಲ್ಲಿ ಮತ್ತು ಮಾತು, ಸನ್ನೆಗಳ ಮೂಲಕ ಭಾವವನ್ನು ತಿಳಿಸುವುದರಲ್ಲಿ ಕಷ್ಟ, ಒಂದೇ ಕ್ರಿಯೆಯನ್ನು ಮತ್ತೆ ಮತ್ತೆ ಮಾಡುವುದು, ದಿನಚರಿ ಬದಲಾದರೆ ತೀವ್ರ ಕಳವಳ, ಸದ್ದು, ಬೆಳಕು, ಸ್ಪರ್ಶಗಳ ಬಗ್ಗೆ ಅತಿಯಾದ ಅಥವಾ ಕಡಿಮೆ ಸಂವೇದನೆ ಇದರ ಮುಖ್ಯ ಲಕ್ಷಣಗಳು. ಇದರ ಪ್ರಮಾಣ ಎಲ್ಲರಲ್ಲೂ ಒಂದೇ ಆಗಿರುವುದಿಲ್ಲ. ಕೆಲವರು ಪದವಿ ಪಡೆದು ಸ್ವತಂತ್ರವಾಗಿ ಬದುಕುತ್ತಾರೆ. ಕೆಲವರಿಗೆ ಜೀವನವಿಡೀ ಆಸರೆ ಬೇಕಾಗುತ್ತದೆ.

ತಾಯಿ ಪ್ರೀತಿ ತೋರದಿರುವುದೇ ಇದಕ್ಕೆ ಕಾರಣವೆಂಬ ಮಾತು ಒಂದು ಕಾಲದಲ್ಲಿ ವೈದ್ಯರಲ್ಲೇ ಪ್ರಚಲಿತವಾಗಿತ್ತು. ಆಟಿಸಂ ಇದ್ದ ಮಗನ ತಂದೆಯೇ ಆಗಿದ್ದ ಮನೋವಿಜ್ಞಾನಿ ಬರ್ನಾರ್ಡ್ ರಿಮ್ಲಾಂಡ್ 1964ರಲ್ಲಿ ಪುಸ್ತಕ ಬರೆದು ಅದನ್ನು ಖಂಡಿಸಿದರು. ಆ ವಾದ ಇಂದು ಸಂಪೂರ್ಣವಾಗಿ ತಿರಸ್ಕೃತವಾಗಿದೆ. ದಡಾರದ ಲಸಿಕೆಯಿಂದ ಆಟಿಸಂ ಬರುತ್ತದೆ ಎಂಬುದೂ ಸುಳ್ಳು. ಆ ಸಂಶಯಕ್ಕೆ ಮೂಲವಾದ 1998ರ ಲೇಖನವನ್ನು ಅದನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. ಆದುದರಿಂದ ಸೊಸೆಯನ್ನಾಗಲಿ, ಜಾತಕವನ್ನಾಗಲಿ, ಪೂರ್ವಜನ್ಮದ ಕರ್ಮವನ್ನಾಗಲಿ ದೂರುತ್ತಾ ಕಾಲ ಕಳೆಯಬಾರದು. ಇಲ್ಲಿ ಕಾಲವೇ ದೊಡ್ಡ ಬಂಡವಾಳ.

ಮೊದಲನೆಯ ಬಾಗಿಲು: ಪರೀಕ್ಷೆ

ಮಗು ಒಂದು ವರ್ಷವಾದರೂ ಹೆಸರು ಕರೆದಾಗ ತಿರುಗಿ ನೋಡದಿದ್ದರೆ, ಒಂದೂವರೆ ವರ್ಷಕ್ಕೆ ತನಗೆ ಇಷ್ಟವಾದುದನ್ನು ಬೆರಳು ಮಾಡಿ ತೋರಿಸದಿದ್ದರೆ, ಎರಡು ವರ್ಷಕ್ಕೆ ಎರಡು ಪದ ಕೂಡಿಸಿ ಮಾತನಾಡದಿದ್ದರೆ, ಅಥವಾ ಯಾವುದೇ ವಯಸ್ಸಿನಲ್ಲಿ ಬಂದ ಮಾತು ಮರೆಯಾದರೆ ತಡಮಾಡದೆ ಮಕ್ಕಳ ವೈದ್ಯರನ್ನು ಕಾಣಬೇಕು. "ನಮ್ಮ ಮನೆತನದಲ್ಲಿ ಗಂಡುಮಕ್ಕಳು ತಡವಾಗಿಯೇ ಮಾತನಾಡುವುದು" ಎಂಬ ಹಿರಿಯರ ಸಮಾಧಾನದ ಮಾತಿಗೆ ಎಷ್ಟೋ ಮನೆಗಳಲ್ಲಿ ಎರಡು ಮೂರು ಅಮೂಲ್ಯ ವರ್ಷಗಳು ಕಳೆದುಹೋಗುತ್ತವೆ. ಕಿವಿಯ ಪರೀಕ್ಷೆಯನ್ನು ತಪ್ಪದೆ ಮಾಡಿಸಬೇಕು. ಕೇಳಿಸದ ಮಗುವೂ ಕರೆದಾಗ ತಿರುಗುವುದಿಲ್ಲ. 16ರಿಂದ 30 ತಿಂಗಳ ಮಕ್ಕಳಿಗಾಗಿ ಎಂ-ಚಾಟ್ ಎಂಬ 20 ಪ್ರಶ್ನೆಗಳ ಪಟ್ಟಿಯಿದೆ. ಅದು ಸಂಶಯವನ್ನು ಸೂಚಿಸುತ್ತದೆಯೇ ಹೊರತು ನಿರ್ಣಯವನ್ನು ನೀಡುವುದಿಲ್ಲ.

ಪರೀಕ್ಷೆಗೆ ಎಲ್ಲಿಗೆ ಹೋಗಬೇಕು? 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಅಂಗವಾಗಿ ಜಿಲ್ಲಾ ಮಟ್ಟದಲ್ಲಿ ಡಿ.ಇ.ಐ.ಸಿ. ಎಂಬ ಶೀಘ್ರ ಚಿಕಿತ್ಸಾ ಕೇಂದ್ರಗಳಿವೆ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿದರೆ ದಾರಿ ತೋರಿಸುತ್ತಾರೆ. ಕೇರಳದಲ್ಲಿರುವವರಿಗೆ ತಿರುವನಂತಪುರದ ಎರಡು ಸಂಸ್ಥೆಗಳು ಉಪಯುಕ್ತ: ಮೆಡಿಕಲ್ ಕಾಲೇಜಿನ ಆವರಣದಲ್ಲಿ 1987ರಲ್ಲಿ ಸ್ಥಾಪಿತವಾದ ಚೈಲ್ಡ್ ಡೆವಲಪ್‌ಮೆಂಟ್ ಸೆಂಟರ್ ಮತ್ತು ಆಕ್ಕುಳಂನಲ್ಲಿರುವ, 'ನಿಶ್' ಎಂದು ಪ್ರಸಿದ್ಧವಾದ, 1997ರಲ್ಲಿ ಆರಂಭಗೊಂಡ ವಾಕ್ ಶ್ರವಣ ಸಂಸ್ಥೆ. ರಜೆಯಲ್ಲಿ ಊರಿಗೆ ಹೋಗುವವರು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯನ್ನಾಗಲಿ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯನ್ನಾಗಲಿ ಸಂಪರ್ಕಿಸಬಹುದು. 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಸಂಸ್ಥೆಯಲ್ಲಿ ಮಗುವಿನ ಮಾತನ್ನು ಕನ್ನಡದಲ್ಲೇ ಪರೀಕ್ಷಿಸುವ ತಜ್ಞರಿರುವುದು ನಮಗೊಂದು ವಿಶೇಷ ಸೌಕರ್ಯ.

ಆಟಿಸಂ ಅನ್ನು ಗುಣಪಡಿಸುವ ಔಷಧಿ ಇದುವರೆಗೆ ಇಲ್ಲ. ಸ್ಟೆಮ್ ಸೆಲ್ ಚಿಕಿತ್ಸೆಯನ್ನು ಆಟಿಸಂಗೆ ಶಿಫಾರಸು ಮಾಡಲಾಗುವುದಿಲ್ಲವೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಸ್ಪಷ್ಟಪಡಿಸಿದೆ. ಇಂಥ ಚಿಕಿತ್ಸೆಗಾಗಿ ಸಾಲದ ಅರ್ಜಿ ಹಿಡಿದು ಬರುವ ತಂದೆತಾಯಿಗಳನ್ನು ಕಂಡಾಗ ಮನಸ್ಸು ನೊಂದುಕೊಳ್ಳುತ್ತದೆ.

ಮನೆಯ ಪಾಠ, ಮನೆಯ ಮಾತು

ವಾರಕ್ಕೆ ಎರಡು ಗಂಟೆ ಚಿಕಿತ್ಸಕರು ಕಲಿಸಿದ್ದು ಉಳಿದ ದಿನಗಳಲ್ಲಿ ಮನೆಯಲ್ಲಿ ಮುಂದುವರಿಯದಿದ್ದರೆ ಫಲ ಕಡಿಮೆ. ಈ ಕಾರಣದಿಂದಲೇ ವಿಶ್ವ ಆರೋಗ್ಯ ಸಂಸ್ಥೆಯು ಪೋಷಕರಿಗಾಗಿ 9 ಸಾಮೂಹಿಕ ತರಗತಿಗಳು ಮತ್ತು 3 ಗೃಹಭೇಟಿಗಳ ಒಂದು ತರಬೇತಿಕ್ರಮವನ್ನು ರೂಪಿಸಿದೆ. ಅದರ ತಿರುಳು ಸರಳವಾದದ್ದು: ಸ್ನಾನ, ಊಟ, ಬಟ್ಟೆ ಮಡಿಸುವುದು, ಆಟ ಮೊದಲಾದ ನಿತ್ಯದ ಕೆಲಸಗಳನ್ನೇ ಪಾಠವನ್ನಾಗಿಸುವುದು; ದೊಡ್ಡ ಕೆಲಸವನ್ನು ಸಣ್ಣ ಹೆಜ್ಜೆಗಳಾಗಿ ಒಡೆದು ಕಲಿಸುವುದು; ಮಗು ತಾನಾಗಿ ತೋರಿದ ಸಣ್ಣ ಸನ್ನೆಗೂ ಸ್ಪಂದಿಸುವುದು. ಭಾರತದಲ್ಲಿ ಪೋಷಕರ ತರಬೇತಿಗೆ ಮಹತ್ವ ತಂದುಕೊಟ್ಟವರಲ್ಲಿ ಮೇರಿ ಬರುವಾ ಪ್ರಮುಖರು. ಸ್ವತಃ ಆಟಿಸಂ ಇರುವ ಮಗನ ತಾಯಿಯಾದ ಅವರು 1991ರಲ್ಲಿ ದೆಹಲಿಯಲ್ಲಿ ಆ್ಯಕ್ಷನ್ ಫಾರ್ ಆಟಿಸಂ ಸಂಸ್ಥೆಯನ್ನು ಆರಂಭಿಸಿದರು.

ಇಲ್ಲಿ ನಮ್ಮಂಥ ಹೊರನಾಡ ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ಮೇಲೆ ಹೇಳಿದ ಹುಡುಗನಿಗೆ ಮೂರು ವರ್ಷವಾಗಿದ್ದಾಗ, ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮಲಯಾಳಂ, ಶಾಲೆಯಲ್ಲಿ ಇಂಗ್ಲಿಷ್ ಆದರೆ ಮಗು ಗಲಿಬಿಲಿಗೊಳ್ಳುತ್ತದೆ, ಕನ್ನಡವನ್ನು ಬಿಟ್ಟುಬಿಡಿ ಎಂದು ಯಾರೋ ಸಲಹೆಯಿತ್ತರಂತೆ. ತಾಯಿ ತಮಗೆ ಸಹಜವಲ್ಲದ ಇಂಗ್ಲಿಷಿನಲ್ಲಿ ತಡವರಿಸುತ್ತಾ ಮಾತನಾಡಿದರು. ಕ್ರಮೇಣ ಮಾತನಾಡುವುದನ್ನೇ ಕಡಿಮೆ ಮಾಡಿದರು. ಶಿರಸಿಯಿಂದ ಬಂದ ಅಜ್ಜಿಗೆ ಮೊಮ್ಮಗನೊಡನೆ ಆಡಲು ಮಾತೇ ಇಲ್ಲದಂತಾಯಿತು. ಎರಡು ಭಾಷೆಗಳ ನಡುವೆ ಬೆಳೆಯುವ ಆಟಿಸಂ ಮಕ್ಕಳು ಒಂದೇ ಭಾಷೆಯಲ್ಲಿ ಬೆಳೆಯುವ ಆಟಿಸಂ ಮಕ್ಕಳಿಗಿಂತ ಅದರಿಂದಾಗಿ ಹಿಂದುಳಿಯುವುದಿಲ್ಲವೆಂದು ಹಲವು ಸಂಶೋಧನೆಗಳು ತೋರಿಸಿವೆ. ತಾಯಿ ಲಾಲಿಸುವ, ಅಜ್ಜಿ ಕರೆಯುವ ಭಾಷೆಯನ್ನು ಬಿಡಬೇಕಾಗಿಲ್ಲ. ಚಿಕಿತ್ಸಕರು ಮಲಯಾಳಂನಲ್ಲಿ ಕಲಿಸುತ್ತಿದ್ದರೆ ಅವರ ಚಿತ್ರಗಳನ್ನೂ ಸನ್ನೆಗಳನ್ನೂ ಕೇಳಿ ತಿಳಿದುಕೊಂಡು, ಅವುಗಳನ್ನೇ ಮನೆಯಲ್ಲಿ ಕನ್ನಡ ಪದಗಳೊಡನೆ ಬಳಸಬಹುದು.

ಎರಡನೆಯ ಬಾಗಿಲು: ಪ್ರಮಾಣಪತ್ರ

ಅನೇಕರು ಮಗುವಿಗೆ "ಮುದ್ರೆ ಬೀಳುತ್ತದೆ" ಎಂದು ಹೆದರಿ ಅಂಗವೈಕಲ್ಯ ಪ್ರಮಾಣಪತ್ರವನ್ನು ಪಡೆಯುವುದಿಲ್ಲ. ಆ ಅಳುಕು ಸಹಜವಾದರೂ ಉಳಿದ ಬಹುತೇಕ ಬಾಗಿಲುಗಳ ಬೀಗದ ಕೈ ಇದೇ ಆಗಿದೆ. 1995ರ ಕಾಯ್ದೆಯಲ್ಲಿ ಆಟಿಸಂಗೆ ಸ್ಥಾನವಿರಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿ ಆಟಿಸಂ ಅನ್ನೂ ಸೇರಿಸಿತು. ಇದರ ಅಳತೆಗೆ ಐಸಾ ಎಂಬ ಭಾರತೀಯ ಮಾಪಕವಿದೆ. ಅದರಲ್ಲಿ 40 ಅಂಶಗಳಿದ್ದು ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕ ನೀಡಲಾಗುತ್ತದೆ.

ಒಂದು ರಾಜ್ಯದಲ್ಲಿ ನೀಡಿದ ಪ್ರಮಾಣಪತ್ರ ದೇಶದಾದ್ಯಂತ ಮಾನ್ಯ. ವರ್ಗವಾಗಿ ಹೋಗುವ ನೌಕರರಿಗೆ ಇದು ದೊಡ್ಡ ಅನುಕೂಲ. ಇದರೊಂದಿಗೆ ಯು.ಡಿ.ಐ.ಡಿ. ಎಂಬ ಗುರುತಿನ ಚೀಟಿಯೂ ದೊರೆಯುತ್ತದೆ. ಶೇಕಡಾ 40 ಅಥವಾ ಅದಕ್ಕೂ ಹೆಚ್ಚು ಎಂದು ನಮೂದಾದರೆ ಹೆಚ್ಚಿನ ಸವಲತ್ತುಗಳಿಗೆ ಅರ್ಹತೆ ಬರುತ್ತದೆ.

ಶಾಲೆಯ ವಿಷಯದಲ್ಲೂ ಈ ಕಾಯ್ದೆ ಬಲ ನೀಡುತ್ತದೆ. ಸರ್ಕಾರದ ಧನಸಹಾಯ ಅಥವಾ ಮಾನ್ಯತೆ ಪಡೆದ ಶಾಲೆಗಳು ತಾರತಮ್ಯವಿಲ್ಲದೆ ಪ್ರವೇಶ ನೀಡಬೇಕು. ಶೇಕಡಾ 40ರ ಮಟ್ಟ ಮುಟ್ಟಿದ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣದ ಹಕ್ಕಿದೆ. ಸಿ.ಬಿ.ಎಸ್.ಇ. ಪರೀಕ್ಷೆಗಳಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕ ಮೊದಲಾದ ರಿಯಾಯಿತಿಗಳಿವೆ. ಕೇರಳದಲ್ಲಿ ಸ್ಥಳೀಯ ಸಂಸ್ಥೆಗಳು ಬೌದ್ಧಿಕ ನ್ಯೂನತೆಯುಳ್ಳ ಮಕ್ಕಳಿಗಾಗಿ ಕುಟುಂಬಶ್ರೀಯ ಸಹಕಾರದಿಂದ 'ಬಡ್ಸ್' ಶಾಲೆಗಳನ್ನು ನಡೆಸುತ್ತವೆ.

ಮೂರನೆಯ ಬಾಗಿಲು: ನೌಕರಿ, ತೆರಿಗೆ, ವಿಮೆ

ಮಗು ಒಬ್ಬ ಚಿಕಿತ್ಸಕರಿಗೆ ಹೊಂದಿಕೊಳ್ಳುವಷ್ಟರಲ್ಲಿ ತಂದೆಗೆ ವರ್ಗಾವಣೆಯ ಆದೇಶ ಬರುವುದುಂಟು. ಅಂಗವಿಕಲ ಅವಲಂಬಿತರ ಮುಖ್ಯ ಪೋಷಕರಾದ ಕೇಂದ್ರ ಸರ್ಕಾರಿ ನೌಕರರಿಗೆ ಆಡಳಿತಕ್ಕೆ ಅಡಚಣೆಯಾಗದಂತೆ ವಾಡಿಕೆಯ ವರ್ಗಾವಣೆಯಿಂದ ವಿನಾಯಿತಿ ನೀಡಬಹುದೆಂದು ಕೇಂದ್ರ ಸಿಬ್ಬಂದಿ ಇಲಾಖೆ 2014ರಲ್ಲಿ ಆದೇಶಿಸಿತು. 2018ರ ಆದೇಶವು ಇದನ್ನು ಕ್ರೋಡೀಕರಿಸಿತು. ಕೇಂದ್ರ ನೌಕರರ ಮಕ್ಕಳ ಪಾಲನಾ ರಜೆಗೆ ಸಾಮಾನ್ಯವಾಗಿ ಮಗುವಿಗೆ 18 ವರ್ಷವಾಗುವವರೆಗೆ ಮಿತಿಯಿದ್ದರೆ, ಅಂಗವಿಕಲ ಮಗುವಿನ ವಿಷಯದಲ್ಲಿ ವಯೋಮಿತಿಯಿಲ್ಲ. ದುಡಿದು ಬದುಕಲಾರದ ಅಂಗವಿಕಲ ಮಗುವಿಗೆ ಕುಟುಂಬ ಪಿಂಚಣಿ ಜೀವಾವಧಿ ದೊರೆಯುತ್ತದೆ. ಆ ಮಗುವಿನ ವಿವರವನ್ನು ಸೇವೆಯಲ್ಲಿರುವಾಗಲೇ ಕಚೇರಿಯ ದಾಖಲೆಗೆ ಸೇರಿಸುವುದು ಜಾಣತನ. ಇತರ ಸಂಸ್ಥೆಗಳ ನೌಕರರು ತಮ್ಮ ಆಡಳಿತ ವಿಭಾಗದಲ್ಲಿ ನಿಯಮವನ್ನು ಕೇಳಿ ತಿಳಿಯಬೇಕು.

ಆದಾಯ ತೆರಿಗೆಯಲ್ಲಿ 80ಡಿಡಿ ಎಂದೇ ಪರಿಚಿತವಾದ ಕಡಿತವು ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಲಭ್ಯ. ಖರ್ಚು ಎಷ್ಟೇ ಆಗಿರಲಿ, ಶೇಕಡಾ 40ರಿಂದ ಮೇಲ್ಪಟ್ಟ ಅಂಗವೈಕಲ್ಯಕ್ಕೆ 75,000 ರೂಪಾಯಿ, ಶೇಕಡಾ 80 ಮತ್ತು ಮೇಲ್ಪಟ್ಟುದಕ್ಕೆ 1,25,000 ರೂಪಾಯಿ ಕಡಿತ ದೊರೆಯುತ್ತದೆ. ಎರಡೂ ಪದ್ಧತಿಗಳಲ್ಲಿ ಲೆಕ್ಕ ಹಾಕಿ ನೋಡಿಯೇ ಒಂದನ್ನು ಆರಿಸಬೇಕು. ನ್ಯಾಷನಲ್ ಟ್ರಸ್ಟಿನ 'ನಿರಾಮಯ' ಎಂಬ ಆರೋಗ್ಯ ವಿಮೆಯು ಮುಂಗಡ ವೈದ್ಯಕೀಯ ಪರೀಕ್ಷೆಯಿಲ್ಲದೆ 1 ಲಕ್ಷ ರೂಪಾಯಿವರೆಗೆ ರಕ್ಷಣೆ ಕೊಡುತ್ತದೆ. ಚಿಕಿತ್ಸಕರ ತರಬೇತಿಯ ವೆಚ್ಚಕ್ಕೂ ಇದರಲ್ಲಿ ಒಂದು ಪಾಲಿದೆ.

ನಾಲ್ಕನೆಯ ಬಾಗಿಲು: ಹದಿನೆಂಟು ತುಂಬಿದ ಮೇಲೆ

ಈಗ ಆ ತಂದೆಯ ಪ್ರಶ್ನೆಗೆ ಬರೋಣ. 18 ವರ್ಷ ತುಂಬಿದೊಡನೆ ಕಾನೂನಿನ ದೃಷ್ಟಿಯಲ್ಲಿ ಮಗ ಸ್ವತಂತ್ರ. ತಂದೆ ತಾನಾಗಿಯೇ ಪಾಲಕನಾಗಿ ಮುಂದುವರಿಯುವುದಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಪ್ರಕಾರ ಪ್ರತಿ ಪ್ರದೇಶಕ್ಕೂ ಒಂದು ಸ್ಥಳೀಯ ಸಮಿತಿಯಿರುತ್ತದೆ. ಅದರಲ್ಲಿ ಜಿಲ್ಲಾ ಕಲೆಕ್ಟರ್, ನೋಂದಾಯಿತ ಸ್ವಯಂಸೇವಾ ಸಂಸ್ಥೆಯ ಪ್ರತಿನಿಧಿ ಮತ್ತು ಒಬ್ಬ ಅಂಗವಿಕಲ ವ್ಯಕ್ತಿ ಸದಸ್ಯರು. ತಂದೆತಾಯಿಗಳು ಈ ಸಮಿತಿಗೆ ಅರ್ಜಿ ಸಲ್ಲಿಸಿದರೆ, ಪಾಲಕರ ಅಗತ್ಯವಿದೆಯೇ, ಯಾವ ಕೆಲಸಗಳಿಗೆ ಇದೆ ಎಂಬುದನ್ನು ಪರಿಶೀಲಿಸಿ ಪ್ರಮಾಣಪತ್ರ ನೀಡುತ್ತದೆ. ಎರ್ನಾಕುಳಂ ಜಿಲ್ಲೆಯವರಿಗೆ ಕಲೆಕ್ಟರೇಟ್ ಇರುವುದು ಕಾಕ್ಕನಾಡಿನಲ್ಲಿ.

ಈ ಪ್ರಮಾಣಪತ್ರವನ್ನು ಮಾನ್ಯ ಮಾಡಿ ಖಾತೆ ತೆರೆಯಲೂ ನಡೆಸಲೂ ಅವಕಾಶ ನೀಡಬಹುದೆಂದು ರಿಸರ್ವ್ ಬ್ಯಾಂಕು 2007ರಲ್ಲೇ ಬ್ಯಾಂಕುಗಳಿಗೆ ತಿಳಿಸಿತ್ತು. ಆ ಸುತ್ತೋಲೆ ನಮ್ಮ ಶಾಖೆಯ ಕಡತದಲ್ಲೇ ಇತ್ತು, ನಾನು ಓದಿರಲಿಲ್ಲ. ಪಾಲಕರಾದವರು ನೇಮಕವಾದ 6 ತಿಂಗಳೊಳಗೆ ಸ್ಥಿರಾಸ್ತಿಯ ಪಟ್ಟಿಯನ್ನೂ, ಪ್ರತಿ ಆರ್ಥಿಕ ವರ್ಷ ಮುಗಿದ 3 ತಿಂಗಳೊಳಗೆ ಲೆಕ್ಕಪತ್ರವನ್ನೂ ಒಪ್ಪಿಸಬೇಕು. ಆದುದರಿಂದ ಮೊದಲ ದಿನದಿಂದಲೇ ಮಗನ ಹಣಕ್ಕೆ ಪ್ರತ್ಯೇಕ ಪುಸ್ತಕವಿಡಬೇಕು. ಆಟಿಸಂ ಇರುವವರೆಲ್ಲರಿಗೂ ಪಾಲಕರು ಬೇಕಿಲ್ಲವೆಂಬುದನ್ನೂ ಮರೆಯಬಾರದು. ತಮ್ಮ ವ್ಯವಹಾರವನ್ನು ತಾವೇ ನಡೆಸಬಲ್ಲವರ ಸಹಿಯನ್ನು ಕಸಿದುಕೊಳ್ಳುವುದು ನೆರವಾಗುವುದಿಲ್ಲ.

"ನಮ್ಮ ಕಾಲಾನಂತರ ಇವನ ಗತಿಯೇನು?" ಎಂಬುದು ಪ್ರತಿಯೊಬ್ಬ ತಂದೆತಾಯಿಯ ನಿದ್ದೆಗೆಡಿಸುವ ಪ್ರಶ್ನೆ. ಉಯಿಲು ಬರೆಯುವುದು, ಮಗುವಿನ ಹಿತಕ್ಕಾಗಿ ಖಾಸಗಿ ಟ್ರಸ್ಟ್ ರಚಿಸುವುದು, ಮುಂದಿನ ಪಾಲಕರು ಯಾರೆಂದು ಬಂಧುಗಳಲ್ಲಿ ಮುಕ್ತವಾಗಿ ಮಾತನಾಡುವುದು, ಇವನ್ನು ಆರೋಗ್ಯವಿರುವಾಗಲೇ ವಕೀಲರ ಸಲಹೆಯಿಂದ ಮಾಡಿಡಬೇಕು.

ಸಂಘದ ಪಾಲು

ಈ ಕುಟುಂಬಗಳು ಕ್ರಮೇಣ ಸಮಾರಂಭಗಳಿಂದ ದೂರವಾಗುತ್ತವೆ. ಧ್ವನಿವರ್ಧಕದ ಅಬ್ಬರಕ್ಕೆ ಮಗು ಕಿವಿ ಮುಚ್ಚಿಕೊಂಡು ಕಿರುಚಿದಾಗ ಹಿಂದಿರುಗಿ ನೋಡುವ ಕಣ್ಣುಗಳನ್ನು ಎದುರಿಸುವುದು ಸುಲಭವಲ್ಲ. ಆ ತಂದೆ ಆರು ವರ್ಷ ರಾಜ್ಯೋತ್ಸವಕ್ಕೆ ಬಂದಿರಲಿಲ್ಲ. ಏಕೆಂದು ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ. ಸಭಾಂಗಣದ ಪಕ್ಕದಲ್ಲಿ ಸದ್ದಿಲ್ಲದ ಒಂದು ಕೋಣೆ, ತಾಯಿ ನಾಟಕ ನೋಡುವಷ್ಟು ಹೊತ್ತು ಮಗುವಿನ ಬಳಿ ಕುಳಿತುಕೊಳ್ಳುವ ಒಬ್ಬ ಹಿರಿಯರು, ಅರ್ಜಿ ತುಂಬಲು ನೆರವಾಗುವ ಒಬ್ಬ ಬ್ಯಾಂಕಿನವರು ಅಥವಾ ವಕೀಲರು: ಇಷ್ಟನ್ನು ಒದಗಿಸಲು ಯಾವ ಸಂಘಕ್ಕೂ ಹೆಚ್ಚಿನ ಹಣ ಬೇಕಿಲ್ಲ.

ಅರ್ಜಿ ಸಲ್ಲಿಸಿದ ಕೆಲವು ತಿಂಗಳ ಬಳಿಕ ಅವರು ಪ್ರಮಾಣಪತ್ರದೊಡನೆ ಮತ್ತೆ ಶಾಖೆಗೆ ಬಂದರು. ಖಾತೆ ಮೊದಲಿನಂತೆ ನಡೆಯತೊಡಗಿತು. ಈ ಬಾರಿ ನಾನು ಹುಡುಗನೊಡನೆ ಅವನದೇ ರೀತಿಯಲ್ಲಿ, ಗೋಡೆಯ ಮೇಲಿನ ಟೋಕನ್ ಸಂಖ್ಯೆಗಳನ್ನು ಕನ್ನಡದಲ್ಲಿ ಓದಿದೆನು. ನಾಲ್ಕನೆಯ ಸಂಖ್ಯೆಯನ್ನು ಅವನೂ ಕನ್ನಡದಲ್ಲೇ ಹೇಳಿದನು. ನಮ್ಮ ನಡುವೆ ಇಂಥ ಮನೆಗಳು ಇನ್ನೂ ಇರಬಹುದು. ಅವರನ್ನು ಹುಡುಕಿಕೊಂಡು ಹೋಗುವ ಕೆಲಸ ನಮ್ಮೆಲ್ಲರದೂ ಆಗಲಿ ಎಂದು ಹಾರೈಸುತ್ತೇನೆ.