ಬಗ್ಗಡ ತಿಳಿಯಾಗುವ ಬಗೆ

ಆಷಾಢದ ಮಳೆ ಹಿಡಿದ ಮೇಲೆ ಹೊಳೆಹೊನ್ನೂರಿನ ದಂಡೆಯಲ್ಲಿ ನಿಂತು ಭದ್ರೆಯನ್ನು ನೋಡಬೇಕು. ಬೇಸಗೆಯ ಸೌಮ್ಯರೂಪವನ್ನು ತೊರೆದ ಹೊಳೆ ಮಲೆನಾಡಿನ ಕೆಮ್ಮಣ್ಣನ್ನು ಹೊತ್ತು, ಸಮೀಪದ ಕೂಡಲಿಯಲ್ಲಿ ತುಂಗೆಯನ್ನು ಸೇರಲು ಧಾವಿಸುತ್ತಿರುತ್ತದೆ. ಆ ನೀರನ್ನು ಕೊಡದಲ್ಲಿ ತುಂಬಿ ಮೂಲೆಯಲ್ಲಿರಿಸಿದರೆ ಮರಳೇನೋ ಬೇಗನೆ ತಳ ಸೇರುತ್ತದೆ. ಕೆಂಪು ಛಾಯೆ ಮಾತ್ರ ಮರುದಿನವೂ ಮಾಯುವುದಿಲ್ಲ. ಜೇಡಿಯ ಕಣಗಳು ಅಷ್ಟು ಸೂಕ್ಷ್ಮ. ಒಂದು ಮಿಲಿಮೀಟರಿನ 500ನೆಯ ಪಾಲಿಗಿಂತಲೂ ಕಿರಿದಾದ ಇವು ಒಂದೇ ಬಗೆಯ ವಿದ್ಯುದಂಶವನ್ನು ಹೊತ್ತಿರುವುದರಿಂದ ಒಂದನ್ನೊಂದು ದೂರ ತಳ್ಳುತ್ತ ತೇಲಿಕೊಂಡೇ ಇರುತ್ತವೆ.

ಹಿಂದಿನ ಗೃಹಿಣಿಯರು ಇದಕ್ಕೆ ಕಂಡುಕೊಂಡಿದ್ದ ಉಪಾಯ, ಚಿಲ್ಲದ ಬೀಜವನ್ನು ಕೊಡದ ಒಳಮೈಗೆ ತೇಯುವುದು. ಸಂಸ್ಕೃತದಲ್ಲಿ ಇದೇ ‘ಕತಕ’. ನೀರನ್ನು ತಿಳಿಗೊಳಿಸುವ ವಸ್ತುಗಳ ಸಾಲಿನಲ್ಲಿ ಸುಶ್ರುತಸಂಹಿತೆ ಇದನ್ನು ಹೆಸರಿಸಿದೆ. ಮುಂದೆ ಇದರ ಸ್ಥಾನಕ್ಕೆ ಪಟಿಕ ಬಂದಿತು. ಎರಡರ ಕೆಲಸವೂ ಒಂದೇ: ದೂರ ಸರಿಯುವ ಕಣಗಳನ್ನು ಒಂದುಗೂಡಿಸಿ, ಹತ್ತಿಯ ಎಳೆಯಂಥ ಮುದ್ದೆಗಳಾಗಿಸಿ ಕೆಳಕ್ಕಿಳಿಸುವುದು. ತಿಳಿಯಾದುದೆಲ್ಲ ಶುದ್ಧವಲ್ಲವೆಂಬುದನ್ನು ಮಾತ್ರ ಮರೆಯಲಾಗದು. ಕುಡಿಯುವುದಾದರೆ ಆ ನೀರನ್ನು ಕುದಿಸಲೇಬೇಕು.

ಹೊಳೆಯ ಈ ತೊಡಕೇ ಬೇರೊಂದು ವೇಷದಲ್ಲಿ ನಗರದ ಈಜುಕೊಳಕ್ಕೂ ಬರುತ್ತದೆ. ರಜೆಯ ದಿನಗಳಲ್ಲಿ ಮಕ್ಕಳು ಗುಂಪುಗುಂಪಾಗಿ ಇಳಿದಾಗ ಬೆವರು, ಎಣ್ಣೆ, ಧೂಳುಗಳು ಬೆರೆತು ಕೊಳ ಹಾಲು ಕಲಸಿದಂತೆ ಮಬ್ಬಾಗುತ್ತದೆ. ಇದು ಕೇವಲ ನೋಟದ ಪ್ರಶ್ನೆಯೆ? ಮುಳುಗುತ್ತಿರುವ ಮಗು ಸಾಮಾನ್ಯವಾಗಿ ಕೂಗುವುದಿಲ್ಲ. ಸದ್ದಿಲ್ಲದೆ ತಳ ಸೇರುತ್ತದೆ. ಮಬ್ಬು ನೀರಿನಡಿಯಲ್ಲಿರುವ ಅದು ದಂಡೆಯ ಕಾವಲುಗಾರನ ಕಣ್ಣಿಗೆ ಬೀಳದು. ಆದುದರಿಂದಲೇ, ಅತ್ಯಂತ ಆಳದಲ್ಲಿರುವ ತೂಬಿನ ಜಾಲರಿ ದಂಡೆಯಿಂದ ಸ್ಪಷ್ಟವಾಗಿ ಕಾಣದಿದ್ದರೆ ಯಾರನ್ನೂ ನೀರಿಗಿಳಿಸಬಾರದು. ಮಕ್ಕಳನ್ನು ಕರೆದೊಯ್ಯುವ ತಾಯ್ತಂದೆಯರು ಟಿಕೆಟು ಕೊಳ್ಳುವ ಮೊದಲೇ ಒಮ್ಮೆ ಇಣಿಕಿ ನೋಡುವುದರಲ್ಲಿ ಸಂಕೋಚವೇನೂ ಬೇಡ.

ಕೊಳವನ್ನು ತಿಳಿಯಾಗಿಡುವ ಭಾರ ಹೊತ್ತಿರುವುದು ಅರ್ಧ ಮಿಲಿಮೀಟರ್ ಗಾತ್ರದ ಮರಳನ್ನು ತುಂಬಿದ ಒಂದು ಮುಚ್ಚಿದ ಪೀಪಾಯಿ. ಅದನ್ನು ಜರಡಿಯೆಂದು ಭಾವಿಸುವುದು ತಪ್ಪು. ಮರಳಿನ ಸಂದುಗಳು ಜೇಡಿಯ ಕಣಕ್ಕಿಂತ ಎಷ್ಟೋ ಪಾಲು ದೊಡ್ಡವು. ಕಣಗಳು ಮರಳಿನ ಮೈಗೆ ಅಂಟಿಕೊಳ್ಳುತ್ತವೆ. ಅಂಟಿದ ಕೊಳೆಯೇ ಮುಂದೆ ಬರುವ ಕೊಳೆಗೆ ಬಲೆಯಾಗುತ್ತದೆ. ವಿಚಿತ್ರವೆನಿಸಬಹುದು, ಆದರೆ ಆಗತಾನೆ ತೊಳೆದ ಮರಳಿಗಿಂತ ತುಸು ಕೊಳೆಯಾದ ಮರಳೇ ಚೆನ್ನಾಗಿ ಸೋಸುತ್ತದೆ!

ಊರಿಗೆ ನೀರುಣಿಸುವ ನಿಧಾನಗತಿಯ ಮರಳು ಹಾಸುಗಳಲ್ಲಿ ಈ ಗುಣ ಇನ್ನೂ ಎದ್ದು ಕಾಣುತ್ತದೆ. 1829ರಲ್ಲಿ ಜೇಮ್ಸ್ ಸಿಂಪ್ಸನ್ ಲಂಡನ್ನಿನಲ್ಲಿ ಅಂಥದೊಂದನ್ನು ಕಟ್ಟಿದನು. ಮರಳಿನ ಮೇಲ್ಮೈಯಲ್ಲಿ ಕಟ್ಟುವ ಪಾಚಿ, ಸೂಕ್ಷ್ಮಜೀವಿಗಳ ಲೋಳೆಯ ಪೊರೆಯೇ ಅಲ್ಲಿ ರೋಗಾಣುಗಳನ್ನು ಹಿಡಿಯುತ್ತದೆ. 1892ರಲ್ಲಿ ಎಲ್ಬ್ ನದಿಯ ನೀರನ್ನು ಸೋಸದೆ ಕುಡಿದ ಹ್ಯಾಂಬರ್ಗಿನಲ್ಲಿ ಕಾಲರಾಕ್ಕೆ 8,000ಕ್ಕೂ ಹೆಚ್ಚು ಮಂದಿ ಬಲಿಯಾದರು. ಪಕ್ಕದ ಆಲ್ಟೋನಾ ಆ ಊರಿನ ಹೊಲಸು ಬೆರೆತ ಕೆಳಪ್ರವಾಹದ ನೀರನ್ನೇ ಎತ್ತುತ್ತಿದ್ದರೂ, ಮರಳಿನಲ್ಲಿ ಸೋಸುತ್ತಿದ್ದುದರಿಂದ ಬಹುಮಟ್ಟಿಗೆ ಪಾರಾಯಿತು.

ಈಜುಕೊಳದ ಮರಳಿನಲ್ಲಿ ನೀರು ರಭಸದಿಂದ ಹರಿಯುವುದರಿಂದ ಅಂಥ ಪೊರೆ ಕಟ್ಟಲು ಎಡೆಯಿಲ್ಲ. ರೋಗಾಣುಗಳನ್ನು ಕೊಲ್ಲುವ ಹೊಣೆ ಅಲ್ಲಿ ಕ್ಲೋರಿನ್ನಿನದು. ಅದು ಕಡಿಮೆಯಾಗಿ ಪಾಚಿ ಬೆಳೆದರೆ ಮರಳನ್ನು ದೂರಿ ಫಲವಿಲ್ಲ. ಆದರೂ ನೀರು ಮಬ್ಬಾಯಿತೆಂದರೆ ಸಾಕು, ದಿನಕ್ಕೆರಡು ಸಲ ಮರಳು ತೊಳೆಯುವ ಉತ್ಸಾಹಿಗಳುಂಟು. ತೊಳೆಯುವ ಸಮಯವನ್ನು ಹೇಳಬೇಕಾದುದು ಪೀಪಾಯಿಯ ಒತ್ತಡಮಾಪಕ. ಶುದ್ಧ ಮರಳಿನಲ್ಲಿ ತೋರಿಸಿದುದಕ್ಕಿಂತ ಮುಳ್ಳು 8ರಿಂದ 10 ಪೌಂಡುಗಳಷ್ಟು ಏರಿದಾಗ ನೀರನ್ನು ಕೆಳಗಿನಿಂದ ಮೇಲಕ್ಕೆ ಹರಿಸಿ, ಗಾಜಿನ ಕಿಂಡಿಯಲ್ಲಿ ತಿಳಿನೀರು ಕಾಣುವವರೆಗೆ ಕೊಳೆಯನ್ನು ಹೊರಹಾಕಬೇಕು.

ಪಟಿಕ ಹಾಕಿದಾಗಲಂತೂ ಅವಸರ ಸಲ್ಲದು. ಅದು ಬೆರೆತ ಮೇಲೆ ಪಂಪನ್ನು ನಿಲ್ಲಿಸಿ ರಾತ್ರಿಯಿಡೀ ಬಿಡಬೇಕು. ಬೆಳಿಗ್ಗೆ ತಳದಲ್ಲಿ ಕಟ್ಟಿದ ಗಸಿಯನ್ನು ಕದಡದಂತೆ ಮೆಲ್ಲನೆ ಹೀರಿ, ಪೀಪಾಯಿಗೆ ಬಿಡದೆ ನೇರವಾಗಿ ಚರಂಡಿಗೆ ಕಳುಹಿಸಬೇಕು. ಇಲ್ಲವಾದರೆ ಮರಳು ಗಂಟುಕಟ್ಟುತ್ತದೆ.

ಕೆಲವು ವರ್ಷಗಳಿಗೊಮ್ಮೆ ಮುಚ್ಚಳ ತೆರೆದು ಮರಳನ್ನೂ ಪರೀಕ್ಷಿಸಬೇಕು. ಅದು ಸಮತಟ್ಟಾಗಿರದೆ ಅಲ್ಲಲ್ಲಿ ಗುಳಿ ಬಿದ್ದಿದ್ದರೆ ನೀರು ಸೋಸಿಕೊಳ್ಳದೆ ಆ ಸಂದಿನಲ್ಲೇ ನುಸುಳುತ್ತಿದೆಯೆಂದು ಅರ್ಥ. ಕೊಳದೊಳಕ್ಕೆ ನೀರು ಬೀಳುವಲ್ಲಿ ಮರಳೇ ಕಾಣಿಸಿಕೊಂಡರೆ, ಪೀಪಾಯಿಯ ಅಡಿಯ ಸೀಳುಕೊಳವೆ ಒಡೆದಿರುತ್ತದೆ. ಅದನ್ನು ಬದಲಾಯಿಸಲು ಮರಳನ್ನೆಲ್ಲ ಕೈಯಿಂದಲೇ ತೋಡಿ ತೆಗೆಯಬೇಕು.