ಮೊಬೈಲ್ ದತ್ತಾಂಶ ಜಾಲದಲ್ಲಿ ಚಾನೆಲ್ ಕೋಡಿಂಗ್ ವಿಧಾನವನ್ನು ಗುರುತಿಸುವ ಕ್ರಮ: ಅರ್ಜಿದಾರರಿಗೆ ಮಾಹಿತಿ

ಹಾಸನ, ಹೊಳೆನರಸೀಪುರ, ಅರಕಲಗೂಡು ಹಾಗೂ ಚನ್ನರಾಯಪಟ್ಟಣ ತಾಲ್ಲೂಕುಗಳ ಸಾರ್ವಜನಿಕರು ಜಾತಿ ಹಾಗೂ ಆದಾಯ ಪ್ರಮಾಣ ಪತ್ರ ಮುಂತಾದ ಸೇವೆಗಳಿಗೆ ಮೊಬೈಲ್ ದೂರವಾಣಿಯ ಮೂಲಕವೂ ಅರ್ಜಿ ಸಲ್ಲಿಸಬಹುದಾಗಿದೆ. 4ಜಿ ಸಂಕೇತ ದುರ್ಬಲವಾದೆಡೆ ದೂರವಾಣಿಯು 2ಜಿ ಜಾಲಕ್ಕೆ ಇಳಿಯುವುದುಂಟು. ಆಗ ಕಡತ ಸೇರಿಸುವ ಕಾರ್ಯ ನಿಧಾನವಾಗಿ, ಶುಲ್ಕ ಪಾವತಿಯ ನಡುವೆ ಪರದೆ ಸ್ಥಗಿತಗೊಳ್ಳಬಹುದು. ಇದರ ಕಾರಣವನ್ನು ತಿಳಿಯದೆ ಶುಲ್ಕವನ್ನು ಎರಡು ಬಾರಿ ಪಾವತಿಸುವ ಅಥವಾ ಕೊನೆಯ ದಿನಾಂಕ ಮೀರುವ ಸಂಭವವಿರುವುದರಿಂದ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ಚಾನೆಲ್ ಕೋಡಿಂಗ್ ಎಂದರೇನು?

ಗಾಳಿಯಲ್ಲಿ ಸಾಗುವ ರೇಡಿಯೋ ಸಂಕೇತವು ದೂರ, ಗುಡ್ಡ, ಕಟ್ಟಡ ಹಾಗೂ ಇತರ ಸಂಕೇತಗಳ ಅಡ್ಡಿಯಿಂದ ಕೆಡುತ್ತದೆ. ಕೆಟ್ಟ ಬಿಟ್‌ಗಳನ್ನು ಸರಿಪಡಿಸಿಕೊಳ್ಳಲು ಮೂಲ ಮಾಹಿತಿಯೊಡನೆ ಹೆಚ್ಚುವರಿ ಬಿಟ್‌ಗಳನ್ನು ಸೇರಿಸಿ ಕಳುಹಿಸುವುದೇ ಚಾನೆಲ್ ಕೋಡಿಂಗ್. ರಕ್ಷಣೆ ಹೆಚ್ಚಿದಷ್ಟೂ ವೇಗ ಕುಗ್ಗುತ್ತದೆ.

2. ಜಿ.ಪಿ.ಆರ್.ಎಸ್. ಜಾಲದ ನಾಲ್ಕು ವಿಧಾನಗಳು

ಪ್ರತಿ ರೇಡಿಯೋ ಬ್ಲಾಕ್ 456 ಬಿಟ್‌ಗಳಷ್ಟಿದ್ದು, ನಾಲ್ಕು ಭಾಗಗಳಾಗಿ ಸುಮಾರು 20 ಮಿಲಿಸೆಕೆಂಡಿನಲ್ಲಿ ರವಾನೆಯಾಗುತ್ತದೆ. ಒಂದು ಟೈಮ್ ಸ್ಲಾಟ್‌ಗೆ ದೊರೆಯುವ ವೇಗ ಹಾಗೂ 200 ಕಿಲೋಬೈಟ್ ಕಡತಕ್ಕೆ ತಗಲುವ ಕನಿಷ್ಠ ಸಮಯ ಈ ಕೆಳಗಿನಂತಿರುತ್ತದೆ:

ಸಿ.ಎಸ್-1: ಸೆಕೆಂಡಿಗೆ 9.05 ಕಿಲೋಬಿಟ್, 177 ಸೆಕೆಂಡು
ಸಿ.ಎಸ್-2: ಸೆಕೆಂಡಿಗೆ 13.4 ಕಿಲೋಬಿಟ್, 119 ಸೆಕೆಂಡು
ಸಿ.ಎಸ್-3: ಸೆಕೆಂಡಿಗೆ 15.6 ಕಿಲೋಬಿಟ್, 103 ಸೆಕೆಂಡು
ಸಿ.ಎಸ್-4: ಸೆಕೆಂಡಿಗೆ 21.4 ಕಿಲೋಬಿಟ್, 75 ಸೆಕೆಂಡು

ಸಿ.ಎಸ್-1ರಲ್ಲಿ ರಕ್ಷಣೆ ಅತ್ಯಧಿಕ. ಸಿ.ಎಸ್-4ರಲ್ಲಿ ಮಾಹಿತಿಯ ದೋಷವನ್ನು ಪತ್ತೆ ಹಚ್ಚಬಹುದೇ ಹೊರತು ಸರಿಪಡಿಸಲು ಬರುವುದಿಲ್ಲ.

3. ವಿಧಾನವನ್ನು ದೂರವಾಣಿ ಗುರುತಿಸುವ ಬಗೆ

ಪ್ರತಿ ಬ್ಲಾಕಿನ ನಾಲ್ಕು ಭಾಗಗಳಲ್ಲಿ ತಲಾ ಎರಡರಂತೆ ಎಂಟು ಗುರುತು ಬಿಟ್‌ಗಳಿರುತ್ತವೆ. ಇವು ಸಿ.ಎಸ್-1ಕ್ಕೆ 11111111, ಸಿ.ಎಸ್-2ಕ್ಕೆ 11001000, ಸಿ.ಎಸ್-3ಕ್ಕೆ 00100001, ಸಿ.ಎಸ್-4ಕ್ಕೆ 00010110 ಎಂದು ನಿಗದಿಯಾಗಿವೆ. ಯಾವುದೇ ಎರಡು ಗುರುತುಗಳು ಕನಿಷ್ಠ ಐದು ಸ್ಥಾನಗಳಲ್ಲಿ ಭಿನ್ನವಾಗಿರುವುದರಿಂದ, ಎರಡು ಬಿಟ್‌ಗಳು ಕೆಟ್ಟರೂ ವಿಧಾನವನ್ನು ಸರಿಯಾಗಿ ಗುರುತಿಸಬಹುದು.

ಎಡ್ಜ್ ಜಾಲದಲ್ಲಿ ಎಂ.ಸಿ.ಎಸ್-1ರಿಂದ ಎಂ.ಸಿ.ಎಸ್-9ರವರೆಗೆ ಒಂಬತ್ತು ವಿಧಾನಗಳಿದ್ದು, ವೇಗವು ಸ್ಲಾಟ್‌ಗೆ 8.8ರಿಂದ 59.2 ಕಿಲೋಬಿಟ್‌ವರೆಗೆ ಇರುತ್ತದೆ. ಇಲ್ಲಿ ಗುರುತು ಬಿಟ್‌ಗಳು ಶಿರೋಭಾಗದ ಬಗೆಯನ್ನು ಮಾತ್ರ ತಿಳಿಸುತ್ತವೆ. ನಿಖರವಾದ ವಿಧಾನವು ಶಿರೋಭಾಗವನ್ನು ಓದಿದ ನಂತರ ತಿಳಿಯುತ್ತದೆ.

4. ಅರ್ಜಿದಾರರು ತಿಳಿಯಬೇಕಾದ ಅಂಶಗಳು

ವಿಧಾನವನ್ನು ಆಯ್ಕೆ ಮಾಡುವುದು ಜಾಲವೇ ಹೊರತು ಬಳಕೆದಾರರಲ್ಲ. ಪರದೆಯ ಮೇಲೆ ಕಾಣುವ ‘ಜಿ’ ಅಥವಾ ‘ಇ’ ಅಕ್ಷರವು ಜಾಲದ ಬಗೆಯನ್ನಷ್ಟೇ ಸೂಚಿಸುತ್ತದೆ. ಕೋಡಿಂಗ್ ವಿಧಾನವನ್ನು ತಂತ್ರಜ್ಞರು ಪರೀಕ್ಷಾ ಉಪಕರಣಗಳಿಂದ ಅಳೆಯುತ್ತಾರೆ.

ದೋಷಪೂರಿತ ಬ್ಲಾಕನ್ನು ಸಾಮಾನ್ಯವಾಗಿ ಮತ್ತೆ ತರಿಸಿಕೊಳ್ಳಲಾಗುತ್ತದೆ. ಆದ್ದರಿಂದ ಸಂಕೇತ ದುರ್ಬಲವಾದ ಮಾತ್ರಕ್ಕೆ ಅರ್ಜಿಯಲ್ಲಿನ ಹೆಸರು ಅಥವಾ ಮೊತ್ತ ಬದಲಾಗುತ್ತದೆಂಬ ಆತಂಕ ಬೇಡ. ವಿಳಂಬದಿಂದಾಗಿ ಸಂಪರ್ಕದ ಅವಧಿ ಮುಗಿಯುವುದೇ ನಿಜವಾದ ತೊಂದರೆ.

5. ಅನುಸರಿಸಬೇಕಾದ ಕ್ರಮಗಳು

(ಅ) ಕಡತದ ಗಾತ್ರವನ್ನು ನಿಗದಿತ ಮಿತಿಯೊಳಗೆ ಸಾಧ್ಯವಾದಷ್ಟು ತಗ್ಗಿಸುವುದು. 200 ಕಿಲೋಬೈಟ್ ಬದಲು 50 ಕಿಲೋಬೈಟ್ ಆದಲ್ಲಿ ಸಮಯ ನಾಲ್ಕನೇ ಒಂದು ಭಾಗಕ್ಕಿಳಿಯುತ್ತದೆ.

(ಆ) ಗುಡ್ಡದ ಮರೆಯಿಂದ ಅಥವಾ ಮನೆಯ ಒಳಕೋಣೆಯಿಂದ ತೆರೆದ ಸ್ಥಳಕ್ಕೆ ಬಂದು ಪ್ರಯತ್ನಿಸುವುದು. ಸಂಕೇತ ಸುಧಾರಿಸಿದಲ್ಲಿ ಜಾಲವು ತಾನಾಗಿಯೇ ವೇಗದ ವಿಧಾನಕ್ಕೆ ಬದಲಾಗಬಲ್ಲದು.

(ಇ) ಪಾವತಿಯ ನಡುವೆ ಸಂಪರ್ಕ ಕಡಿದಲ್ಲಿ, ಬ್ಯಾಂಕ್ ಖಾತೆ ಹಾಗೂ ಅರ್ಜಿಯ ಸ್ಥಿತಿಯನ್ನು ಪರಿಶೀಲಿಸದೆ ಮತ್ತೊಮ್ಮೆ ಪಾವತಿಸಬಾರದು.

(ಈ) ಸ್ವೀಕೃತಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದು. ಸಂಖ್ಯೆ ದೊರೆಯದಿದ್ದಲ್ಲಿ ಅರ್ಜಿ ಸಲ್ಲಿಕೆಯಾಗಿದೆಯೆಂದು ಭಾವಿಸಬಾರದು.

(ಉ) ತೊಂದರೆ ಮುಂದುವರಿದಲ್ಲಿ ಹೋಬಳಿಯ ನಾಡಕಚೇರಿಯಲ್ಲಿ ಖುದ್ದಾಗಿ ಅರ್ಜಿ ಸಲ್ಲಿಸುವುದು. ಜಾಲದ ದೋಷದ ಬಗ್ಗೆ ಸೇವಾ ಸಂಸ್ಥೆಯ 198 ಸಂಖ್ಯೆಗೆ ದೂರು ನೀಡಿ, ದೂರಿನ ಸಂಖ್ಯೆಯನ್ನು ಪಡೆಯತಕ್ಕದ್ದು. ಪರಿಹಾರ ತೃಪ್ತಿಕರವಾಗಿರದಿದ್ದಲ್ಲಿ ಅದೇ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಮನವಿ ಸಲ್ಲಿಸಬಹುದಾಗಿದೆ.

ಸಾರ್ವಜನಿಕರು ಕೊನೆಯ ದಿನದವರೆಗೆ ಕಾಯದೆ, ಸಾಕಷ್ಟು ಮುಂಚಿತವಾಗಿ ಅರ್ಜಿ ಸಲ್ಲಿಸಿ ಸೇವೆಯ ಪ್ರಯೋಜನ ಪಡೆಯಲು ಕೋರಲಾಗಿದೆ.